ಆಟಕ್ಕೆ ಬರೆಯುವವರು ಪದೇ ಪದೇ ಕೇಳುವ ಪ್ರಶ್ನೆಗಳು: ಫ್ರೀಲಾನ್ಸ್ ಮಾಡೋದಾ, ಸ್ವಂತ ಪುಸ್ತಕ ತರೋದಾ?

ಶಿವಮೊಗ್ಗದಲ್ಲಿ ಭಾನುವಾರ ಟೇಬಲ್‌ಟಾಪ್ ಆರ್‌ಪಿಜಿ, ಅಂದರೆ ಮೇಜಿನ ಸುತ್ತ ಕೂತು ಒಂದೊಂದು ಪಾತ್ರವಾಗಿ ಆಡುವ ಆಟ, ಆಡೋಕೆ ಕೂತಾಗ, ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯಿಂದ ಬರುವ ಮೆಸೇಜುಗಳಲ್ಲಿ ಒಂದಷ್ಟು ಪ್ರಶ್ನೆ ತಿರುಗಿ ತಿರುಗಿ ಬರುತ್ತವೆ. ಅವನ್ನೆಲ್ಲ ಇಲ್ಲಿ ಸೇರಿಸಿದ್ದೇನೆ. ಕೇಳಿದವರ ಮಾತನ್ನು ಜಾಸ್ತಿ ತಿದ್ದಿಲ್ಲ. ಮೊದಲಿನವು ಹೊಸಬರಿಗೆ, ಕೊನೆಯವು ಈಗಾಗಲೇ ಕೈ ಹಾಕಿದವರಿಗೆ. ನಿಮಗೆ ಬೇಕಾದ್ದನ್ನು ಮಾತ್ರ ಓದಿದರೂ ಸಾಕು.

## ಶುರು ಮಾಡುವವರಿಗೆ

ಈ ಟೇಬಲ್‌ಟಾಪ್ ಆರ್‌ಪಿಜಿ ಅಂದ್ರೆ ಏನು ಮಾರಾಯ್ರೆ? ಅದಕ್ಕೆ ಬರೆಯೋಕೆ ಏನಿರುತ್ತೆ?

ನಾಲ್ಕೈದು ಜನ ಮೇಜಿನ ಸುತ್ತ ಕೂತು ಬಾಯಲ್ಲಿ ಆಡುವ ಆಟ. ಒಬ್ಬರು ಆಟ ನಡೆಸುತ್ತಾರೆ, ಅವರಿಗೆ ಜಿಎಂ ಅಂತೀವಿ. ಉಳಿದವರಿಗೆ ಒಂದೊಂದು ಪಾತ್ರ. "ನಾನು ಬಾಗಿಲು ಒದೀತೀನಿ" ಅಂತ ನೀವು ಹೇಳುತ್ತೀರಿ, ಬಾಗಿಲು ಮುರಿಯಿತೋ ಕಾಲು ಉಳುಕಿತೋ ಅಂತ ದಾಳ ಹೇಳುತ್ತೆ. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ತಂದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನಿಂದ ಇದು ಶುರುವಾಯಿತು. ಡಿ ಅಂಡ್ ಡಿ ಅಂತ ಎಲ್ಲರೂ ಕರೆಯೋದು ಅದನ್ನೇ. ಈಗ ಇಂಥ ಆಟಗಳು ಲೆಕ್ಕವಿಲ್ಲದಷ್ಟಿವೆ.

ಪ್ರತಿ ಆಟಕ್ಕೂ ಬರವಣಿಗೆ ಬೇಕು. ನಿಯಮ ಬೇಕು, ಊರು ಬೇಕು, ಊರಲ್ಲಿ ಜನ ಬೇಕು, ಕಾಡಲ್ಲಿ ಏನಾದರೂ ಬೇಕು. ಒಂದು ಸಂಜೆಯಲ್ಲಿ ಆಡಿ ಮುಗಿಸುವಂಥ ಅಡ್ವೆಂಚರ್‌ಗಳು, ಅಂದರೆ ಆಡೋಕೆ ಸಿದ್ಧವಾದ ಕಥಾಸನ್ನಿವೇಶಗಳಂತೂ ಎಷ್ಟಿದ್ದರೂ ಸಾಲುವುದಿಲ್ಲ.

ನಾನು ಕಥೆ ಬರೀತೀನಿ, ಒಂದೆರಡು ಪತ್ರಿಕೆಯಲ್ಲೂ ಬಂದಿದೆ. ಇದನ್ನೂ ಬರೆಯಬಹುದಲ್ವಾ?

ಬರೆಯಬಹುದು. ಆದರೆ ಕಥೆಗಾರರಿಗೇ ಇದು ಜಾಸ್ತಿ ಕಷ್ಟ ಆಗೋದನ್ನು ನೋಡಿದ್ದೇನೆ. ಕಥೆಯಲ್ಲಿ ಮುಂದೇನಾಗುತ್ತೆ ಅಂತ ನೀವು ಹೇಳುತ್ತೀರಿ. ಇಲ್ಲಿ ಅದು ನಿಮ್ಮ ಕೈಯಲ್ಲಿಲ್ಲ, ಆಡುವವರ ಕೈಯಲ್ಲಿದೆ. ನೀವು ಬರೆಯಬೇಕಾದ್ದು ಅವರು ಕೈ ಹಾಕಬಹುದಾದ ವಸ್ತುಗಳನ್ನು.

ಕವಲೇದುರ್ಗದಂಥ ಒಂದು ಕೋಟೆ ಅಂದುಕೊಳ್ಳಿ. "ಮಂಜು ಮುಸುಕಿದ ಹಳೆಯ ಕೋಟೆ, ಎಲ್ಲೆಲ್ಲೂ ಭಯಾನಕ ಮೌನ" ಅಂತ ಬರೆದರೆ ಜಿಎಂಗೆ ಏನೂ ಸಿಗಲಿಲ್ಲ. ಹೀಗೆ ಬರೆದು ನೋಡಿ: "ಎರಡನೇ ಬಾಗಿಲ ಮೆಟ್ಟಿಲು ಪಾಚಿ ಕಟ್ಟಿದೆ, ಓಡಿದವರು ದಾಳ ಹಾಕಬೇಕು. ಬಾಗಿಲ ಸಂದಿಯಲ್ಲಿ ಸಿಕ್ಕಿಕೊಂಡ ಕಂಬಳಿ ಕೊಪ್ಪೆ ಇನ್ನೂ ಒದ್ದೆ ಆಗಿಲ್ಲ. ಹೊರಗೆ ಬೆಳಗ್ಗಿನಿಂದ ಮಳೆ." ಈಗ ಆಡುವವರು ತಾವೇ ಕೇಳುತ್ತಾರೆ, ಹಾಗಾದರೆ ಈ ಕೊಪ್ಪೆ ಯಾರದು, ಒಳಗೆ ಯಾರಿದ್ದಾರೆ ಅಂತ. ಅಷ್ಟು ಆದರೆ ನಿಮ್ಮ ಕೆಲಸ ಆಯಿತು.

ಫ್ರೀಲಾನ್ಸ್‌ಗೂ ಸ್ವಂತ ಪ್ರಕಟಣೆಗೂ ವ್ಯತ್ಯಾಸ ಏನು, ಸಿಂಪಲ್ಲಾಗಿ ಹೇಳಿ

ತೋಟ ಇರುವವರಿಗೆ ಇದನ್ನು ಹೇಳೋದು ಸುಲಭ. ಫ್ರೀಲಾನ್ಸ್ ಅಂದರೆ ಮರದ ಮೇಲಿರುವಾಗಲೇ ಅಡಿಕೆ ಫಸಲನ್ನು ಚೇಣಿಗೆ, ಅಂದರೆ ಗುತ್ತಿಗೆಗೆ, ಕೊಟ್ಟ ಹಾಗೆ. ದುಡ್ಡು ಎಷ್ಟು ಅಂತ ಮೊದಲೇ ಗೊತ್ತು, ಮಳೆ ಬಂದು ಒಣಗದಿದ್ದರೆ ಅದು ಚೇಣಿದಾರರ ತಲೆನೋವು, ನಾಳೆ ರೇಟು ಏರಿದರೆ ಲಾಭವೂ ಅವರದೇ. ಸ್ವಂತ ಪ್ರಕಟಣೆ ಅಂದರೆ ನೀವೇ ಕೊಯ್ಲು ಮಾಡಿಸಿ, ಸುಲಿಸಿ, ಬೇಯಿಸಿ, ಒಣಗಿಸಿ ಮಂಡಿಗೆ ಒಯ್ಯೋದು.

ಅಂದರೆ ಫ್ರೀಲಾನ್ಸ್‌ನಲ್ಲಿ ಒಂದು ಕಂಪನಿ "ನಮ್ಮ ಆಟದ ಲೋಕದ ಬಗ್ಗೆ ಇಷ್ಟು ಪದ ಬರೆದುಕೊಡಿ" ಅನ್ನುತ್ತೆ. ನೀವು ಬರೆಯುತ್ತೀರಿ, ಅವರು ತಿದ್ದುತ್ತಾರೆ, ಚಿತ್ರ ಹಾಕಿಸುತ್ತಾರೆ, ಮಾರುತ್ತಾರೆ. ಬರೆದದ್ದು ಸಾಮಾನ್ಯವಾಗಿ ಅವರದೇ ಆಗುತ್ತೆ. ಸ್ವಂತಕ್ಕೆ ಇಳಿದರೆ ಇದೆಲ್ಲ ನಿಮ್ಮ ಮೈಮೇಲೆ, ಹಕ್ಕೂ ನಿಮ್ಮದು.

ಯಾವುದರಿಂದ ಶುರು ಮಾಡಲಿ?

ಒಂದು ಚಿಕ್ಕ ಪುಸ್ತಕ ಸ್ವಂತವಾಗಿ ತನ್ನಿ. ಎಂಟು ಪುಟದ್ದಾದರೂ ಸಾಕು, ಪುಕ್ಕಟೆ ಕೊಟ್ಟರೂ ಪರವಾಗಿಲ್ಲ. ಫ್ರೀಲಾನ್ಸ್ ಕೇಳಿಕೊಂಡು ಹೋದಾಗ ಎಲ್ಲರೂ ಮೊದಲು ಕೇಳೋದು "ಮೊದಲು ಬರೆದದ್ದು ಏನಾದರೂ ತೋರಿಸಿ" ಅಂತಲೇ. ತೋರಿಸೋಕೆ ಒಂದಿರಲಿ. ನೂರು ಪುಟದ ಮಹಾಗ್ರಂಥದಿಂದ ಶುರು ಮಾಡಿದವರು ಮುಗಿಸಿದ್ದನ್ನು ನಾನಂತೂ ಕಂಡಿಲ್ಲ.

ಅದಾದ ಮೇಲೆ ಯಾವುದು ಯಾವುದಕ್ಕೆ ಅನ್ನೋದಕ್ಕೆ ನನ್ನದೊಂದು ಲೆಕ್ಕ ಇದೆ. ಬೇರೆಯವರ ಲೋಕಕ್ಕೆ ಬರೆಯುವುದಾದರೆ ದುಡ್ಡು ತಗೊಂಡು ಬರೆದು ಕೊಟ್ಟುಬಿಡಿ. ಯಾರದೋ ಡ್ರ್ಯಾಗನ್ನು, ಯಾರದೋ ಅರಮನೆ, ಅದರ ಹಕ್ಕು ಇಟ್ಟುಕೊಂಡು ಏನು ಮಾಡ್ತೀರಿ? ಆದರೆ ನಿಮ್ಮ ಊರು, ನಿಮ್ಮ ಘಟ್ಟ, ನಿಮ್ಮ ಮನೆಯಲ್ಲಿ ಕೇಳಿದ ಮಾತು ಇಷ್ಟನ್ನು ಸ್ವಂತಕ್ಕೆ ಇಟ್ಟುಕೊಳ್ಳಿ. ಲಿಂಗನಮಕ್ಕಿ ನೀರು ಇಳಿದ ಬೇಸಿಗೆಯಲ್ಲಿ ಮಡೆನೂರಿನ ಹಳೇ ಡ್ಯಾಂ ಮೇಲೆದ್ದು ಕಾಣುತ್ತಲ್ಲ, ಒಂದು ಅಣೆಕಟ್ಟಿನ ಹೊಟ್ಟೆಯೊಳಗೆ ಇನ್ನೊಂದು ಅಣೆಕಟ್ಟು, ಅದೊಂದನ್ನೇ ಹಿಡಿದು ಆರು ತಿಂಗಳು ಆಡುವ ಕ್ಯಾಂಪೇನ್, ಅಂದರೆ ಒಂದೇ ಕಥೆ ಮುಂದುವರಿಯುವ ಸರಣಿ ಆಟ, ಬರೆಯಬಹುದು. ಅದನ್ನು ಪದಕ್ಕೆ ಇಷ್ಟು ಸೆಂಟ್ ಅಂತ ಯಾರಿಗೋ ಬರೆದುಕೊಟ್ಟರೆ, ಮುಂದೆ ಅದರ ಎರಡನೇ ಭಾಗ ಬರೆಯೋಕೂ ಅವರ ಅನುಮತಿ ಕೇಳಬೇಕು.

ನಾನಿರೋದು ಆಗುಂಬೆ ಹತ್ರ. ಮಳೆಗಾಲದಲ್ಲಿ ಕರೆಂಟೂ ಇರಲ್ಲ, ನೆಟ್ಟೂ ಇರಲ್ಲ. ಆಗುತ್ತಾ?

ಆಗುತ್ತೆ. ಬರೆಯೋಕೆ ನೆಟ್ ಬೇಡ. ಗಡುವು ಒಪ್ಪಿಕೊಳ್ಳುವಾಗ ಮಾತ್ರ ಕ್ಯಾಲೆಂಡರ್ ನೋಡಿ. ಜುಲೈ ಕೊನೆಗೆ ಕೊಡುತ್ತೇನೆ ಅಂತ ಒಪ್ಪಬೇಡಿ, ಒಪ್ಪಿದರೂ ಒಂದು ವಾರ ಮೊದಲೇ ಕಳಿಸಿ. ಫೋನಿನಲ್ಲಿ ಒಂದು ಪ್ರತಿ, ಪೆನ್‌ಡ್ರೈವ್‌ನಲ್ಲಿ ಒಂದು ಪ್ರತಿ ಇರಲಿ. ಲೈನ್ ಮೇಲೆ ಮರ ಬಿದ್ದಿದೆ ಅಂದರೆ ವಿದೇಶದ ಸಂಪಾದಕರು ಒಂದು ಸಲ ನಂಬುತ್ತಾರೆ.

ಇಂಗ್ಲಿಷ್ ಅಷ್ಟಕ್ಕಷ್ಟೇ. ಫ್ರೀಲಾನ್ಸ್ ಸಿಗುತ್ತಾ?

ಕಷ್ಟ. ದುಡ್ಡು ಕೊಡುವ ಕಂಪನಿಗಳು ಹೆಚ್ಚಾಗಿ ಇರೋದು ಅಮೆರಿಕ, ಇಂಗ್ಲೆಂಡ್, ಯುರೋಪಿನಲ್ಲಿ. ಆದರೆ ಅವರಿಗೆ ಬೇಕಾದ್ದು ಅಲಂಕಾರದ ಇಂಗ್ಲಿಷ್ ಅಲ್ಲ. ಚಿಕ್ಕ ಚಿಕ್ಕ ವಾಕ್ಯದಲ್ಲಿ, ನಿಯಮ ತಪ್ಪದ ಹಾಗೆ, ಹೇಳಿದಷ್ಟೇ ಪದದಲ್ಲಿ ಬರೆದರೆ ಸಾಕು. ಅದೂ ಆಗಲ್ಲ ಅಂದರೆ ಕನ್ನಡದಲ್ಲಿ ಸ್ವಂತಕ್ಕೆ ತನ್ನಿ.

## ದುಡ್ಡಿನ ವಿಚಾರ

ಪದಕ್ಕೆ ಎಷ್ಟು ಕೊಡ್ತಾರೆ? ನಿಜ ಹೇಳಿ

ಇಂಗ್ಲಿಷ್ ಕೆಲಸದಲ್ಲಿ ಪದಕ್ಕೆ 5ರಿಂದ 10 ಸೆಂಟ್ ಅನ್ನೋದು ಸಾಮಾನ್ಯವಾಗಿ ಕೇಳಿಬರುವ ರೇಟು. ಚಿಕ್ಕ ಕಂಪನಿಗಳು ಇನ್ನೂ ಕಡಿಮೆ ಹೇಳುವುದುಂಟು. ಹೆಸರು ಮಾಡಿದವರು ಇನ್ನೂ ಜಾಸ್ತಿ ಕೇಳುತ್ತಾರೆ. 6 ಸೆಂಟ್‌ನಂತೆ 2,000 ಪದ ಬರೆದರೆ 120 ಡಾಲರ್, ಅಂದರೆ ನಮ್ಮ ಲೆಕ್ಕದಲ್ಲಿ 10 ಸಾವಿರ ರೂಪಾಯಿ ಆಸುಪಾಸು. ಕೇಳೋಕೆ ಚೆನ್ನಾಗಿದೆ. ಆದರೆ ಅದರೊಳಗೆ ಎರಡು ಸಲ ತಿದ್ದಿಕೊಡುವುದು, ಅವರ ಲೋಕದ ಹಳೇ ಪುಸ್ತಕ ಓದುವುದು ಎಲ್ಲ ಸೇರಿರುತ್ತೆ. ಪದದ ರೇಟು ಬಿಟ್ಟು ಗಂಟೆಗೆ ಎಷ್ಟು ಬಿತ್ತು ಅಂತ ಲೆಕ್ಕ ಹಾಕಿ ನೋಡಿ.

ಕನ್ನಡ ಕೆಲಸ ಯಾರಾದರೂ ಕೊಟ್ಟರೆ ಪದದ ಲೆಕ್ಕಕ್ಕೆ ಒಪ್ಪಬೇಡಿ. ನಮ್ಮಲ್ಲಿ ವಿಭಕ್ತಿ, ಪ್ರತ್ಯಯ ಎಲ್ಲ ಪದಕ್ಕೇ ಅಂಟಿಕೊಳ್ಳೋದರಿಂದ ಅಷ್ಟೇ ವಿಷಯಕ್ಕೆ ಪದ ಕಡಿಮೆ ಬೀಳುತ್ತೆ, ನಷ್ಟ ನಿಮಗೇ. ಪುಟಕ್ಕೆ ಅಥವಾ ಇಡೀ ಕೆಲಸಕ್ಕೆ ಇಷ್ಟು ಅಂತ ಮಾತಾಡಿ.

ಸ್ವಂತವಾಗಿ ಪಿಡಿಎಫ್ ಹಾಕಿದ್ರೆ ಕೈಗೆ ಎಷ್ಟು ಉಳಿಯುತ್ತೆ?

ಎಲ್ಲಿ ಹಾಕುತ್ತೀರಿ ಅನ್ನೋದರ ಮೇಲೆ. 5 ಡಾಲರ್ ಪುಸ್ತಕ ಇಟ್ಟುಕೊಳ್ಳೋಣ. ಡ್ರೈವ್‌ಥ್ರೂಆರ್‌ಪಿಜಿ ಅನ್ನೋ ಆನ್‌ಲೈನ್ ಅಂಗಡಿಯಲ್ಲಿ, ಬೇರೆ ಕಡೆಯೂ ಮಾರುತ್ತೇನೆ ಅಂದರೆ ನಿಮಗೆ 65%, ಅಲ್ಲಿ ಮಾತ್ರ ಮಾರುತ್ತೇನೆ ಅಂದರೆ 70%. ಅಂದರೆ 3.25 ಅಥವಾ 3.50 ಡಾಲರ್. ಡಿ ಅಂಡ್ ಡಿಗೆ ಬರೆದದ್ದನ್ನು ಮಾರುವ ಡಿಎಂಸ್ ಗಿಲ್ಡ್ ಅನ್ನೋ ತಾಣದಲ್ಲಿ 50%, ಯಾಕೆಂದರೆ ಅಲ್ಲಿ ಡಿ ಅಂಡ್ ಡಿಯ ಒಡೆಯರಾದ ವಿಝರ್ಡ್ಸ್ ಆಫ್ ದಿ ಕೋಸ್ಟ್‌ಗೂ ಪಾಲು ಹೋಗುತ್ತೆ. ಇಚ್.ಐಒ ಅನ್ನೋ ಇನ್ನೊಂದು ತಾಣದಲ್ಲಿ ಅವರ ಪಾಲು ಎಷ್ಟು ಅಂತ ನೀವೇ ನಿಗದಿ ಮಾಡಬಹುದು. ಏನೂ ಬದಲಾಯಿಸದಿದ್ದರೆ 10%. ಪಾವತಿಯ ಶುಲ್ಕ ಬೇರೆ.

ಮೇಲಿನ ಉತ್ತರದ 120 ಡಾಲರ್ ಫ್ರೀಲಾನ್ಸ್ ದುಡ್ಡಿಗೆ ಸಮ ಆಗಬೇಕಾದರೆ ಡ್ರೈವ್‌ಥ್ರೂದಲ್ಲಿ 65%ರ ಲೆಕ್ಕದಲ್ಲಿ 37 ಪ್ರತಿ ಹೋಗಬೇಕು. ಗಿಲ್ಡ್‌ನಲ್ಲಿ 48. ಅಷ್ಟೇನಾ ಅನ್ನಿಸುತ್ತೆ ಅಲ್ವಾ? ಹೆಸರಿಲ್ಲದ ಬರಹಗಾರರ ಮೊದಲ ಪುಸ್ತಕಕ್ಕೆ 37 ಪ್ರತಿ ದೊಡ್ಡ ಮಾತು, ಅದರ ಮೇಲೆ ಚಿತ್ರಕ್ಕೆ, ಲೇಔಟ್‌ಗೆ ನೀವು ಖರ್ಚು ಮಾಡಿರುತ್ತೀರಿ. ಆದರೆ ಒಂದು ಅನುಕೂಲ ಇದೆ. ಫ್ರೀಲಾನ್ಸ್ ದುಡ್ಡು ಒಂದೇ ಸಲ ಬಂದು ಮುಗಿಯಿತು. ಪಿಡಿಎಫ್ ಮೂರು ವರ್ಷ ಆದ ಮೇಲೂ ತಿಂಗಳಿಗೆ ಒಂದೋ ಎರಡೋ ಹೋಗ್ತಾ ಇರುತ್ತೆ. ಎರಡನೇ ಪುಸ್ತಕ ಬಂದಾಗ ಮೊದಲನೆಯದೂ ಎದ್ದು ಕೂರುತ್ತೆ.

ಕಿಕ್‌ಸ್ಟಾರ್ಟರ್ ಮಾಡಿ ಮೊದಲೇ ದುಡ್ಡು ಎತ್ತಬಹುದಾ?

ಭಾರತದಿಂದ ಆಗಲ್ಲ. ಕಿಕ್‌ಸ್ಟಾರ್ಟರ್‌ನಲ್ಲಿ ಪ್ರಾಜೆಕ್ಟ್ ಶುರು ಮಾಡಬಹುದಾದ ದೇಶಗಳ ಪಟ್ಟಿಯಲ್ಲಿ ನಾವಿಲ್ಲ. ಬೇರೆಯವರ ಪ್ರಾಜೆಕ್ಟ್‌ಗೆ ದುಡ್ಡು ಹಾಕಬಹುದು ಅಷ್ಟೇ. ಕೆಲವರು ಅಮೆರಿಕದಲ್ಲಿರುವ ನೆಂಟರ ಹೆಸರಲ್ಲಿ ಮಾಡುತ್ತಾರೆ. ಆಗ ಕಾನೂನಿನ ಪ್ರಕಾರ ಜವಾಬ್ದಾರಿಯೂ, ತೆರಿಗೆಯೂ ಆ ನೆಂಟರದ್ದೇ. ಪುಸ್ತಕ ತಡವಾದರೆ ಸಂಬಂಧ ಕೆಡುತ್ತೆ. ನಮ್ಮಲ್ಲಿ ಸಣ್ಣ ಪ್ರಕಾಶಕರು ಮೊದಲಿನಿಂದ ಮಾಡಿಕೊಂಡು ಬಂದಿರುವ ಪ್ರಕಟಣಪೂರ್ವ ಬೆಲೆ ಇದೆಯಲ್ಲ, ಅದೇ ಸಾಕು. ಒಂದು ಪುಟದ ಪರಿಚಯ, ಒಂದು ಚಿತ್ರ, ಯುಪಿಐ ಕ್ಯೂಆರ್ ಕೋಡ್. ಪುಸ್ತಕ ಬರೆದು ಮುಗಿದ ಮೇಲೆ ಮಾತ್ರ ದುಡ್ಡು ತಗೊಳ್ಳಿ.

ಡಾಲರ್ ನಮ್ಮ ಬ್ಯಾಂಕಿಗೆ ಹೇಗೆ ಬರುತ್ತೆ? ತೆರಿಗೆ ಗಿರಿಗೆ?

ಹೆಚ್ಚಿನವರು ಪೇಪಾಲ್‌ನಲ್ಲಿ ಕಳಿಸುತ್ತಾರೆ. ಭಾರತದೊಳಗಿನ ಪಾವತಿಯನ್ನು ಪೇಪಾಲ್ 2021ರ ಏಪ್ರಿಲ್‌ನಲ್ಲಿ ನಿಲ್ಲಿಸಿತು, ಹೊರದೇಶದಿಂದ ಬರುವುದಕ್ಕೆ ತೊಂದರೆ ಇಲ್ಲ. ದುಡ್ಡು ಅಲ್ಲಿ ಕೂರುವುದಿಲ್ಲ, ತಾನಾಗೇ ಬ್ಯಾಂಕ್ ಖಾತೆಗೆ ಬಂದುಬಿಡುತ್ತೆ. ಶುಲ್ಕದ ಜೊತೆಗೆ ಡಾಲರ್ ಬದಲಾಯಿಸುವ ದರದಲ್ಲೂ ಒಂದಿಷ್ಟು ಹೋಗುತ್ತೆ, ಅದು ಕಣ್ಣಿಗೆ ಬೀಳಲ್ಲ. ಯಾಕೆ ಬಂದ ದುಡ್ಡು ಅಂತ ಪರ್ಪಸ್ ಕೋಡ್ ಕೇಳುತ್ತಾರೆ, ಸರಿಯಾಗಿ ತುಂಬಿ. ಅಮೆರಿಕದ ಕಂಪನಿಗಳು ಡಬ್ಲ್ಯು-8ಬೆನ್ ಅನ್ನೋ ಫಾರಂ ಕೇಳುತ್ತವೆ. ನಾನು ಅಲ್ಲಿನವನಲ್ಲ ಅಂತ ಬರೆದುಕೊಡುವ ಕಾಗದ ಅದು, ಹೆದರಬೇಡಿ.

ಇಲ್ಲಿ ಆದಾಯ ತೆರಿಗೆ ರಿಟರ್ನ್‌ನಲ್ಲಿ ಇದನ್ನು ತೋರಿಸಲೇಬೇಕು. ಸೇವೆಗೆ ಜಿಎಸ್‌ಟಿ ನೋಂದಣಿಯ ಮಿತಿ ವರ್ಷಕ್ಕೆ 20 ಲಕ್ಷ, ನಮಗೆ ಯಾರಿಗೂ ಸದ್ಯಕ್ಕೆ ಆ ಚಿಂತೆ ಇಲ್ಲ ಬಿಡಿ. ದೊಡ್ಡ ಮೊತ್ತ ಬರೋಕೆ ಶುರುವಾದರೆ ಆಡಿಟರ್ ಹತ್ತಿರ ಹೋಗಿ. "ಆಟಕ್ಕೆ ಬರೆದದ್ದು" ಅಂದರೆ ಅವರು ಜೂಜಿನ ದುಡ್ಡು ಅಂದುಕೊಳ್ಳುವ ಸಾಧ್ಯತೆ ಇದೆ, ಅದಕ್ಕೇ ಒಂದು ಪುಸ್ತಕ ಕೈಯಲ್ಲಿ ಹಿಡಿದುಕೊಂಡು ಹೋಗಿ.

ಕೆಲಸ ಬಿಟ್ಟು ಇದನ್ನೇ ಮಾಡಬಹುದಾ ಸರ್?

ಬೇಡ. ಅಮೆರಿಕದಲ್ಲಿ ಇದೇ ಕೆಲಸ ಮಾಡುವವರಲ್ಲೂ ಎಷ್ಟೋ ಜನಕ್ಕೆ ಬೇರೆ ನೌಕರಿ ಇದೆ.

## ಹಕ್ಕು, ಕರಾರು

ಕಂಪನಿಯವರು ಎಂಟು ಪುಟದ ಕರಾರು ಕಳಿಸಿದ್ದಾರೆ. ಏನು ನೋಡಬೇಕು?

ಮೊದಲು ಹಕ್ಕು. "ವರ್ಕ್ ಫಾರ್ ಹೈರ್" ಅಂತ ಇದ್ದರೆ ಬರೆದ ಕ್ಷಣದಿಂದ ಅದು ಅವರದು. ಅವರ ಲೋಕಕ್ಕೆ ಬರೆಯುತ್ತಿದ್ದರೆ ಇದು ಮಾಮೂಲು, ಜಗಳ ಆಡಬೇಡಿ. ನಮ್ಮ 1957ರ ಕಾಪಿರೈಟ್ ಕಾಯ್ದೆ ಬರಹಗಾರರಿಗೆ ಇನ್ನೂ ಸ್ವಲ್ಪ ಒಳ್ಳೆಯದು. ಸಂಬಳದ ನೌಕರ ಅಲ್ಲದವರು ಬರೆದರೆ ಮೊದಲ ಹಕ್ಕು ಸಾಮಾನ್ಯವಾಗಿ ಬರೆದವರದ್ದೇ, ಅದನ್ನು ಬಿಟ್ಟುಕೊಡಲು ಲಿಖಿತ ಕರಾರು, ಸಹಿ ಬೇಕು. ಎಷ್ಟು ವರ್ಷಕ್ಕೆ ಅಂತ ಬರೆದಿಲ್ಲದಿದ್ದರೆ 5 ವರ್ಷ, ಎಲ್ಲೆಲ್ಲಿಗೆ ಅಂತ ಬರೆದಿಲ್ಲದಿದ್ದರೆ ಭಾರತಕ್ಕೆ ಮಾತ್ರ ಅಂತ 19ನೇ ಸೆಕ್ಷನ್ ಹೇಳುತ್ತೆ. ಇಲ್ಲಿನ ಯಾರಾದರೂ ಬರೆಸುತ್ತಿದ್ದರೆ ಇದು ಉಪಯೋಗಕ್ಕೆ ಬರುತ್ತೆ. ವಿದೇಶಿ ಕರಾರುಗಳಲ್ಲಿ ಅಲ್ಲಿನ ಕಾನೂನೇ ಅನ್ವಯ ಅಂತ ಹಾಕಿರುತ್ತಾರೆ.

ಆಮೇಲೆ ದುಡ್ಡು ಯಾವಾಗ ಅನ್ನೋದು. "ಒಪ್ಪಿದ ಮೇಲೆ" ಅಂತಿದ್ದರೆ ಸರಿ. "ಪ್ರಕಟವಾದ ಮೇಲೆ" ಅಂತಿದ್ದರೆ ಹುಷಾರು. ಆಟದ ಪುಸ್ತಕಗಳು ಎರಡು ವರ್ಷ ತಡವಾಗುವುದು ಇಲ್ಲಿ ಸುದ್ದಿಯೇ ಅಲ್ಲ. ನನ್ನದೇ ಒಂದು ಅಧ್ಯಾಯ ಹೀಗೆ ವಿದೇಶದ ಒಂದು ಕಂಪನಿಯ ಕಂಪ್ಯೂಟರಿನಲ್ಲಿ ಮಲಗಿದೆ. ಪುಸ್ತಕ ಬರಲಿಲ್ಲ, ದುಡ್ಡೂ ಬರಲಿಲ್ಲ. ಕೆಲಸ ಅರ್ಧಕ್ಕೆ ನಿಂತರೆ ಕೊಡುವ ಪರಿಹಾರ, ಎಷ್ಟು ಸಲ ತಿದ್ದಿಕೊಡಬೇಕು, ಪುಸ್ತಕದಲ್ಲಿ ಹೆಸರು ಹಾಕುತ್ತಾರಾ, ಉಚಿತ ಪ್ರತಿ ಎಷ್ಟು ಅನ್ನೋದನ್ನೂ ನೋಡಿಕೊಳ್ಳಿ. ಹೆಸರು ಹಾಕಲ್ಲ ಅಂದರೆ ರೇಟು ಜಾಸ್ತಿ ಕೇಳಿ.

ಡಿ ಅಂಡ್ ಡಿ ನಿಯಮ ಇಟ್ಟುಕೊಂಡು ನಾನೇ ಪುಸ್ತಕ ಮಾರಿದ್ರೆ ಕೇಸ್ ಹಾಕ್ತಾರಾ?

ಸರಿಯಾಗಿ ಮಾಡಿದರೆ ಇಲ್ಲ. ಮೂಲ ನಿಯಮಗಳನ್ನು ಬೇರೆಯವರೂ ಬಳಸೋಕೆ 2000ದಿಂದ ಓಜಿಎಲ್ ಅನ್ನೋ ಲೈಸೆನ್ಸ್ ಇತ್ತು. 2023ರ ಜನವರಿಯಲ್ಲಿ ವಿಝರ್ಡ್ಸ್ ಕಂಪನಿ ಅದನ್ನು ಬಿಗಿ ಮಾಡಲು ಹೊರಟಾಗ ಬರಹಗಾರರು, ಆಟಗಾರರು ಎಲ್ಲ ಸಿಡಿದೆದ್ದರು. ಅದೇ ತಿಂಗಳ ಕೊನೆಯಲ್ಲಿ ಕಂಪನಿ ಹಿಂದೆ ಸರಿದು, ಎಸ್‌ಆರ್‌ಡಿ 5.1 ಅನ್ನೋ ಮೂಲ ನಿಯಮಗಳ ದಾಖಲೆಯನ್ನು ಕ್ರಿಯೇಟಿವ್ ಕಾಮನ್ಸ್‌ನ ಸಿಸಿ-ಬೈ 4.0 ಲೈಸೆನ್ಸಿನಲ್ಲಿ ಬಿಟ್ಟಿತು. 2025ರಲ್ಲಿ 5.2 ಕೂಡ ಹಾಗೇ ಬಂತು. ಅವರು ಹೇಳಿದ ಕೃತಜ್ಞತೆಯ ಸಾಲು ಹಾಕಿದರೆ ಅದರಲ್ಲಿರುವುದನ್ನು ಕನ್ನಡಕ್ಕೆ ತಂದು ಮಾರಬಹುದು, ಕೇಳೋರಿಲ್ಲ. ಲೋಗೋ ಬಳಸಬೇಡಿ. ಫರ್ಗಾಟನ್ ರಿಯಲ್ಮ್ಸ್‌ನಂಥ ಅವರ ಲೋಕಗಳು ಅದರಲ್ಲಿ ಸೇರಿಲ್ಲ. ಆ ಲೋಕದಲ್ಲೇ ಬರೆಯಬೇಕು ಅಂದರೆ ಡಿಎಂಸ್ ಗಿಲ್ಡ್ ಇದೆ, ಆದರೆ ಅಲ್ಲಿ ಹಾಕಿದ್ದನ್ನು ಬೇರೆಲ್ಲೂ ಮಾರುವ ಹಾಗಿಲ್ಲ.

ಡಿ ಅಂಡ್ ಡಿಯೇ ಆಗಬೇಕು ಅಂತೇನಿಲ್ಲ. ಕೇರ್ನ್ ಅನ್ನೋ ಆಟ ತುಂಬಾ ಚಿಕ್ಕದು, ಕಾಡಿನ ಆಟ, ಸಿಸಿ-ಬೈ-ಎಸ್‌ಎ ಲೈಸೆನ್ಸಿನಲ್ಲಿದೆ. ನಮ್ಮ ಮಳೆಕಾಡಿಗೆ ಅದು ಡಿ ಅಂಡ್ ಡಿಗಿಂತ ಚೆನ್ನಾಗಿ ಒಗ್ಗುತ್ತೆ. ಆದರೆ ಅದನ್ನು ತಿದ್ದಿ ಮಾಡಿದ್ದನ್ನು ನೀವೂ ಅದೇ ಲೈಸೆನ್ಸಿನಲ್ಲಿ ಬಿಡಬೇಕು.

ಕುವೆಂಪು ಕಾದಂಬರಿಯ ಪಾತ್ರಗಳನ್ನು ಆಟದಲ್ಲಿ ತರಬಹುದಾ?

ಮನೆಯಲ್ಲಿ ಆಡೋಕೆ ಯಾರೂ ಬೇಡ ಅನ್ನಲ್ಲ. ಮಾರೋಕೆ ಅನುಮತಿ ಬೇಕು. ನಮ್ಮಲ್ಲಿ ಲೇಖಕರು ತೀರಿಕೊಂಡ ಮೇಲೆ 60 ವರ್ಷ ಹಕ್ಕು ಇರುತ್ತೆ. ಅವರು ತೀರಿಕೊಂಡದ್ದು 1994ರಲ್ಲಿ, ಹಾಗಾಗಿ 2054ರ ಕೊನೆಯವರೆಗೆ. ಇತಿಹಾಸಕ್ಕೆ ಆ ತೊಂದರೆ ಇಲ್ಲ. ಕೆಳದಿ ಚೆನ್ನಮ್ಮ, ಶಿವಪ್ಪ ನಾಯಕ, 1763ರಲ್ಲಿ ಹೈದರಾಲಿ ಬಿದನೂರಿಗೆ ನುಗ್ಗಿದ್ದು, ಇವು ಎಲ್ಲರವು.

ನಮ್ಮೂರ ಚೌಡಿ, ಭೂತಪ್ಪನನ್ನು ರಾಕ್ಷಸರ ಪಟ್ಟಿಗೆ ಸೇರಿಸಿದ್ರೆ ತಪ್ಪಾ?

ಕಾನೂನಿನ ಪ್ರಕಾರ ಚೌಡಿಗೆ ಕಾಪಿರೈಟ್ ಇಲ್ಲ. ಆದರೆ ನಿಮ್ಮಜ್ಜಿ ವರ್ಷಕ್ಕೊಮ್ಮೆ ಕೋಳಿ ಕೊಡುವ ಚೌಡಿಗೆ ನೀವು 45 ಹಿಟ್ ಪಾಯಿಂಟ್ (ಆಟದಲ್ಲಿ ಜೀವದ ಅಂಕ) ಕೊಟ್ಟು ಕತ್ತಿಯಲ್ಲಿ ಕೊಲ್ಲಬಹುದು ಅಂತ ಬರೆದರೆ ಊರಲ್ಲಿ ಯಾರಿಗೂ ಹಿಡಿಸಲ್ಲ, ನನಗೂ ಹಿಡಿಸಲ್ಲ. ಅದು ಇವತ್ತಿಗೂ ನಡೆಯುತ್ತಿರುವ ನಂಬಿಕೆ. ಆಟದ ದೃಷ್ಟಿಯಿಂದಲೂ ಅದು ಸಪ್ಪೆ. ಚೌಡಿಯನ್ನು ಸೋಲಿಸೋದಲ್ಲ, ಅವಳ ಬನದ ಮರ ಕಡಿದವರು ಯಾರು, ಈಗ ಅವಳಿಗೆ ಏನು ಸಲ್ಲಿಸಬೇಕು, ಆ ಖರ್ಚು ಯಾರು ಹಾಕಬೇಕು ಅನ್ನೋದೇ ಒಳ್ಳೆ ಅಡ್ವೆಂಚರ್. ಊರಿನ ಹೆಸರು, ಬನದ ಹೆಸರು ಬದಲಾಯಿಸಿ. ಫ್ರೀಲಾನ್ಸ್‌ನಲ್ಲಿ ಇನ್ನೊಂದು ತಾಪತ್ರಯ ಇದೆ. ನೀವು ಎಷ್ಟೇ ನಾಜೂಕಾಗಿ ಬರೆದರೂ, ಆಮೇಲೆ ತಿದ್ದುವವರು ಅದಕ್ಕೆ ಕೋರೆಹಲ್ಲು ಅಂಟಿಸಿದರೆ ನೀವು ಏನೂ ಮಾಡೋಕಾಗಲ್ಲ.

## ಈಗಾಗಲೇ ಕೈ ಹಾಕಿದವರಿಗೆ

ಕನ್ನಡದಲ್ಲಿ ತಂದ್ರೆ ಯಾರು ಕೊಳ್ತಾರೆ?

ಮೊದಲಿಗೆ ಬೆರಳೆಣಿಕೆಯ ಜನ. ಈ ಆಟ ಆಡುವ ಕನ್ನಡಿಗರೇ ಕಡಿಮೆ, ಅದರಲ್ಲೂ ಹೆಚ್ಚಿನವರು ನಿಯಮ ಇಂಗ್ಲಿಷಿನಲ್ಲಿ ಓದಿ ಕನ್ನಡದಲ್ಲಿ ಆಡುತ್ತಾರೆ. ಹಾಗಾಗಿ ಬರೀ ಅಡ್ವೆಂಚರ್ ಮಾರೋಕೆ ಹೋಗಬೇಡಿ, ಅದನ್ನು ಆಡೋಕೆ ಬೇಕಾದ ನಿಯಮವನ್ನೂ ಅದೇ ಪುಸ್ತಕದಲ್ಲಿ ಹತ್ತು ಪುಟದೊಳಗೆ ಕೊಡಿ. ಮಾಮೂಲಿ ಆರು ಮುಖದ ದಾಳ ಸಾಕಾಗುವ ಹಾಗಿರಲಿ. ಇಪ್ಪತ್ತು ಮುಖದ ದಾಳ ಹೊಸನಗರದ ಅಂಗಡಿಯಲ್ಲಿ ಕೇಳಿದರೆ ಮೇಲೆ ಕೆಳಗೆ ನೋಡುತ್ತಾರೆ. ಕಾಲೇಜು ಮಕ್ಕಳು, ಹವ್ಯಾಸಿ ನಾಟಕದವರು ಇದಕ್ಕೆ ಬೇಗ ಒಗ್ಗಿಕೊಳ್ಳುತ್ತಾರೆ. ಕೂತು ಒಂದು ಆಟ ಆಡಿಸಿ, ಆಮೇಲೆ ಪುಸ್ತಕ ತೋರಿಸಿ.

ಪಿಡಿಎಫ್ ಮಾಡಿದ್ರೆ ಒತ್ತಕ್ಷರ ಎಲ್ಲ ಒಡೆದು ಹೋಗ್ತಿದೆ, ಏನು ಮಾಡೋದು?

ಎರಡು ಕಾರಣ ಇರಬಹುದು. ನೀವು ನುಡಿ ಅಥವಾ ಬರಹದ ಹಳೇ ಫಾಂಟಿನಲ್ಲಿ ಟೈಪ್ ಮಾಡಿದ್ದರೆ ಅದು ಯೂನಿಕೋಡ್ ಆಗಿರಲಿಕ್ಕಿಲ್ಲ, ಮೊದಲು ಪರಿವರ್ತಿಸಿ. ಯೂನಿಕೋಡೇ ಆಗಿದ್ದರೆ ತಪ್ಪು ಲೇಔಟ್ ತಂತ್ರಾಂಶದ್ದು. ಇನ್‌ಡಿಸೈನ್‌ನಲ್ಲಿ ವರ್ಲ್ಡ್-ರೆಡಿ ಕಂಪೋಸರ್ ಆನ್ ಮಾಡಿದರೆ ಸರಿಹೋಗುತ್ತೆ. ದುಡ್ಡು ಖರ್ಚು ಮಾಡೋದು ಬೇಡ ಅಂದರೆ ಲಿಬ್ರೆಆಫೀಸ್ ಸಾಕು, ಹೊಸ ಸ್ಕ್ರೈಬಸ್ ಕೂಡ ಆಗುತ್ತೆ. ಫಾಂಟಿಗೆ ನೋಟೊ ಸೆರಿಫ್ ಕನ್ನಡ, ಟಿರೊ ಕನ್ನಡ, ಶೀರ್ಷಿಕೆಗೆ ಬಲೂ ತಮ್ಮ. ಇವೆಲ್ಲ ಮುಕ್ತ ಲೈಸೆನ್ಸಿನವು, ಮಾರುವ ಪುಸ್ತಕದಲ್ಲೂ ಬಳಸಬಹುದು.

ಪ್ರಿಂಟ್ ಮಾಡಿಸಬೇಕು ಅಂತಿದೀನಿ. ಐಎಸ್‌ಬಿಎನ್ ಬೇಕಾ?

ಮೊದಲ ಸಲ ಡಿಜಿಟಲ್ ಪ್ರೆಸ್‌ನಲ್ಲಿ 50 ಪ್ರತಿ ಹಾಕಿಸಿ, ಆಫ್‌ಸೆಟ್‌ಗೆ ಹೋಗಬೇಡಿ. ಪಿನ್ ಹೊಡೆಯುವ ಪುಸ್ತಕಕ್ಕೆ ಪುಟ 4ರ ಲೆಕ್ಕದಲ್ಲಿ ಬರಬೇಕು, 32 ಅಥವಾ 36. ಐಎಸ್‌ಬಿಎನ್ ಕೈಯಿಂದ ಕೈಗೆ ಮಾರಲು ಬೇಡ, ಅಂಗಡಿ, ಗ್ರಂಥಾಲಯ ಅಂದರೆ ಬೇಕು. ಅದನ್ನು ರಾಜಾ ರಾಮಮೋಹನ್ ರಾಯ್ ರಾಷ್ಟ್ರೀಯ ಏಜೆನ್ಸಿ ಪುಕ್ಕಟೆಯಾಗಿ ಕೊಡುತ್ತೆ, ಮಧ್ಯವರ್ತಿಗೆ ದುಡ್ಡು ಕೊಡಬೇಡಿ. ಮುದ್ರಿತ ಪುಸ್ತಕದ ಮಾರಾಟಕ್ಕೆ ಜಿಎಸ್‌ಟಿ ಇಲ್ಲ. ಮಳೆಗಾಲದಲ್ಲಿ ಸ್ಟಾಕ್ ಇಡುವವರು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಅಟ್ಟದ ಮೇಲಿಡಿ, ಬೂಷ್ಟು ಹಿಡಿದ ಪುಸ್ತಕ ಯಾರೂ ತಗೊಳ್ಳಲ್ಲ.

ಚಿತ್ರಕ್ಕೆ ಎಐ ಬಳಸಿದ್ರೆ ಖರ್ಚು ಉಳಿಯುತ್ತಲ್ವಾ?

ಉಳಿಯುತ್ತೆ, ಹೆಸರು ಹೋಗುತ್ತೆ. ಈ ಆಟ ಆಡುವವರಲ್ಲಿ ಎಐ ಬಗ್ಗೆ ಸಿಟ್ಟು ಜಾಸ್ತಿ. ಬಹುಪಾಲು ಎಐ ಬರೆದ ಪುಸ್ತಕವನ್ನು ಡ್ರೈವ್‌ಥ್ರೂ ತೆಗೆದುಕೊಳ್ಳುವುದಿಲ್ಲ. ಪಾಥ್‌ಫೈಂಡರ್ ಅನ್ನೋ ಆಟ ತರುವ ಪೈಜೊ ಕಂಪನಿ, ಕೆಲಸ ಮನುಷ್ಯರೇ ಮಾಡಿರಬೇಕು ಅನ್ನೋ ಮಾತನ್ನು ಕರಾರಿಗೆ ಸೇರಿಸುತ್ತೇವೆ ಅಂತ 2023ರಲ್ಲೇ ಹೇಳಿತ್ತು. ದುಡ್ಡಿಲ್ಲದಿದ್ದರೆ ಚಿತ್ರ ಬೇಡವೇ ಬೇಡ, ಒಳ್ಳೆ ನಕ್ಷೆ ಒಂದು ಕೈಯಲ್ಲೇ ಬರೆಯಿರಿ. ಇಲ್ಲಾ ಸಾಗರದ ಕಡೆ ಹಸೆ ಚಿತ್ತಾರ ಬರೆಯುವವರನ್ನು ಕೇಳಿ, ಸರಿಯಾದ ಸಂಭಾವನೆ ಕೊಟ್ಟು, ಪುಸ್ತಕದಲ್ಲಿ ಅವರ ಹೆಸರು ಹಾಕಿ. ಕೆಮ್ಮಣ್ಣಿನ ಮೇಲೆ ಅಕ್ಕಿಹಿಟ್ಟಿನ ಬಿಳಿ ಗೆರೆ ಇರುವಂಥ ಮುಖಪುಟ ಬೇರೆ ಯಾವ ದೇಶದ ಪುಸ್ತಕಕ್ಕೂ ಇಲ್ಲ.

ಎರಡನ್ನೂ ಒಟ್ಟಿಗೆ ಮಾಡಬಹುದಾ? ಫ್ರೀಲಾನ್ಸ್ ಕರಾರಿಗೆ ತೊಂದರೆ ಆಗಲ್ವಾ?

ಮಾಡಬಹುದು, ಮಾಡುವವರು ಹೆಚ್ಚಾಗಿ ಹಾಗೇ ಮಾಡೋದು. ಕರಾರಿನಲ್ಲಿ "ಇದೇ ಬಗೆಯ ಕೃತಿ ಬೇರೆಡೆ ಪ್ರಕಟಿಸುವಂತಿಲ್ಲ" ಅನ್ನೋ ಸಾಲು ಇದೆಯಾ ನೋಡಿ, ಇದ್ದರೆ ತೆಗೆಸಿ. ನಿಮ್ಮ ಸ್ವಂತ ಲೋಕದ ಟಿಪ್ಪಣಿಗಳನ್ನು ತಾರೀಕು ಹಾಕಿ ನಿಮಗೇ ಇಮೇಲ್ ಮಾಡಿಟ್ಟುಕೊಳ್ಳಿ. ಮುಂದೆ ಯಾರಾದರೂ "ಇದು ನಮಗೆ ಬರೆದದ್ದರಿಂದ ತೆಗೆದದ್ದು" ಅಂದರೆ ತೋರಿಸೋಕೆ ಆಗುತ್ತೆ. ಹೆಸರುಗಳಂತೂ ಎರಡು ಕಡೆ ಒಂದೇ ಬರೋದು ಬೇಡ.

ಬರೆದುಕೊಟ್ಟು ನಾಲ್ಕು ತಿಂಗಳಾಯ್ತು, ದುಡ್ಡು ಬಂದಿಲ್ಲ. ಫೋನ್ ಮಾಡಿ ಬೈಯ್ಯಲಾ?

ಮೊದಲು ನೀವು ಇನ್‌ವಾಯ್ಸ್ ಕಳಿಸಿದ್ದೀರಾ ನೋಡಿ. ಅದು ಬರದೆ ದುಡ್ಡು ಬಿಡುಗಡೆ ಮಾಡದ ಕಂಪನಿಗಳೇ ಹೆಚ್ಚು, ನೆನಪಿಸುವ ಅಭ್ಯಾಸವೂ ಅವಕ್ಕಿಲ್ಲ. ಕಳಿಸಿದ್ದರೆ, ಕರಾರಿನ ಯಾವ ಸಾಲಿನ ಪ್ರಕಾರ ಯಾವ ತಾರೀಕಿಗೆ ಬರಬೇಕಿತ್ತು ಅಂತ ಎರಡೇ ಸಾಲಿನ ಇಮೇಲ್ ಹಾಕಿ, ಸಂಪಾದಕರಿಗಲ್ಲ, ಲೆಕ್ಕಪತ್ರ ನೋಡುವವರಿಗೆ. ಎರಡು ವಾರಕ್ಕೊಮ್ಮೆ ಅದನ್ನೇ ಮತ್ತೆ ಕಳಿಸಿ. ಸಂಪಾದಕರೂ ಎಷ್ಟೋ ಸಲ ನಿಮ್ಮ ಹಾಗೆ ಫ್ರೀಲಾನ್ಸರೇ ಆಗಿರುತ್ತಾರೆ, ಅವರಿಗೂ ಬಂದಿರಲ್ಲ. ಅಮೆರಿಕದ ಕೋರ್ಟಿಗೆ ಹೋಗೋಕೆ ನಮ್ಮಿಂದ ಆಗಲ್ಲ. ಹಾಗಾಗಿ ಮೊದಲ ಕಂತು ಕೈಗೆ ಬರುವವರೆಗೆ ಅದೇ ಕಂಪನಿಗೆ ಎರಡನೇ ಕೆಲಸ ಒಪ್ಪಿಕೊಳ್ಳಬೇಡಿ.